ಕಂಪ್ಯೂಟರ್ ಕೆಲಸಕ್ಕೆ ಸರ್ಟಿಫಿಕೇಟ್ ಸಾಕೇ? ಅನುಭವವೂ ಬೇಕೇ?

ಪಿ.ಯು.ಸಿ., ಐ.ಟಿ.ಐ., ಡಿಗ್ರಿ ಫಲಿತಾಂಶ ಬಂದ ಕೂಡಲೇ ಅನೇಕ ಮನೆಗಳಲ್ಲಿ ಒಂದು ಮಾತು ಶುರುವಾಗುತ್ತದೆ. "ಮಗ ಬೆಂಗಳೂರಲ್ಲಿ ಕಂಪ್ಯೂಟರ್ ಕೋರ್ಸ್ ಮಾಡ್ತಾನಂತೆ, ಫೀಸಿಗೆ ಸಂಘದಲ್ಲಿ ಸಾಲ ತೆಗೀಬೇಕು." ಕೋರ್ಸ್ ಮುಗಿದ ಮೇಲೆ ಕೈಗೊಂದು ಚಂದದ ಸರ್ಟಿಫಿಕೇಟ್ ಬರುತ್ತದೆ. ಕೆಲಸ ಕೇಳಲು ಹೋದರೆ "ಅನುಭವ ಎಷ್ಟು ವರ್ಷ?" ಎನ್ನುತ್ತಾರೆ. ಕೆಲಸವೇ ಸಿಗದೆ ಅನುಭವ ಎಲ್ಲಿಂದ ಬರಬೇಕು? ಇತ್ತ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಈ ಗಂಟನ್ನು ಬಿಡಿಸುವ ದಾರಿ ಇದೆ. ಅದನ್ನು ನಾವು ಇಲ್ಲಿ ಸರಳವಾಗಿ ತಿಳಿಯೋಣ.

ಎಲ್ಲಾ ಸರ್ಟಿಫಿಕೇಟ್ ಒಂದೇ ಅಲ್ಲ

ತರಬೇತಿ ಸೆಂಟರ್ ಕೊಡುವ ಕಾಗದ ಬೇರೆ, ಕಂಪನಿಗಳು ನಡೆಸುವ ಪರೀಕ್ಷೆಯ ಸರ್ಟಿಫಿಕೇಟ್ ಬೇರೆ. ಮೊದಲನೆಯದು "ಇವರು ನಮ್ಮಲ್ಲಿ ಕಲಿತರು" ಎಂದಷ್ಟೇ ಹೇಳುತ್ತದೆ. ಎರಡನೆಯದು "ಇವರಿಗೆ ಇಷ್ಟು ವಿಷಯ ಗೊತ್ತಿದೆ" ಎಂದು ಹೇಳುತ್ತದೆ. ಅದನ್ನು ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಹೊಸಬರಿಗೆ ಉಪಯೋಗವಾಗುವ ಕೆಲವನ್ನು ನೋಡಿ:

1. ಕಾಂಪ್‌ಟಿಯಾ ಎ ಪ್ಲಸ್: ಕಂಪ್ಯೂಟರ್ ಹಾರ್ಡ್‌ವೇರ್ ಹಾಗೂ ದುರಸ್ತಿಯ ಮೂಲ ಪಾಠ. ಎರಡು ಪರೀಕ್ಷೆ ಬರೆಯಬೇಕು.

2. ಸಿ.ಸಿ.ಎನ್.ಎ.: ನೆಟ್‌ವರ್ಕ್ ಕೆಲಸಕ್ಕೆ ಸಿಸ್ಕೋ ಕಂಪನಿ ನಡೆಸುವ ಪರೀಕ್ಷೆ. 2020ರ ಫೆಬ್ರವರಿಯಿಂದ ಒಂದೇ ಪರೀಕ್ಷೆ. ಇಂಥದ್ದೇ ಡಿಗ್ರಿ ಇರಬೇಕೆಂಬ ನಿಯಮವಿಲ್ಲ. ಶುಲ್ಕ ಸುಮಾರು 300 ಡಾಲರ್, ಅಂದರೆ 25 ಸಾವಿರ ರೂಪಾಯಿಗೂ ಮೇಲೆ.

3. ಆರ್.ಎಚ್.ಸಿ.ಎಸ್.ಎ.: ಲಿನಕ್ಸ್ ಕೆಲಸಕ್ಕೆ ರೆಡ್ ಹ್ಯಾಟ್ ಕಂಪನಿಯ ಪರೀಕ್ಷೆ. ಇಲ್ಲಿ ಟಿಕ್ ಹಾಕುವ ಪ್ರಶ್ನೆಗಳಿಲ್ಲ. ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡಿಯೇ ತೋರಿಸಬೇಕು.

ಈ ಮೂರೂ ಸರ್ಟಿಫಿಕೇಟ್‌ಗಳ ಅವಧಿ ಮೂರು ವರ್ಷ. ಆಮೇಲೆ ನವೀಕರಿಸಬೇಕು. ಒಮ್ಮೆ ಪಾಸಾದರೆ ಜೀವನಪೂರ್ತಿ ನಡೆಯುತ್ತದೆ ಅಂತ ತಿಳಿಯಬಾರದು. ಹಿಂದೆ ಊರೂರಿನ ಕಂಪ್ಯೂಟರ್ ಸೆಂಟರ್ ಬೋರ್ಡುಗಳಲ್ಲಿ ಎಂ.ಸಿ.ಎಸ್.ಇ. ಎಂದು ದೊಡ್ಡದಾಗಿ ಬರೆದಿರುತ್ತಿತ್ತು. ಆ ಸರ್ಟಿಫಿಕೇಟನ್ನು ಮೈಕ್ರೋಸಾಫ್ಟ್ ಕಂಪನಿ 2021ರ ಜನವರಿ 31ಕ್ಕೆ ನಿಲ್ಲಿಸಿತು. ಈಗಲೂ ಯಾರಾದರೂ ಅದಕ್ಕೆ ಫೀಸು ಕೇಳಿದರೆ ಕೊಡಬೇಡಿ.

ಅನುಭವ ಎಂದರೇನು?

ಸಂದರ್ಶನದಲ್ಲಿ ಹೀಗೆ ಕೇಳುತ್ತಾರೆ ಎಂದಿಟ್ಟುಕೊಳ್ಳಿ: "ಆಫೀಸಿನ ಒಂದು ಕಂಪ್ಯೂಟರಿಗೆ ಮಾತ್ರ ಇಂಟರ್ನೆಟ್ ಬರ್ತಾ ಇಲ್ಲ. ಮೊದಲು ಏನು ನೋಡ್ತೀರಿ?" ಪುಸ್ತಕ ಮಾತ್ರ ಓದಿದವರು ವ್ಯಾಖ್ಯಾನ ಹೇಳಲು ಶುರು ಮಾಡುತ್ತಾರೆ. ಕೆಲಸ ಮಾಡಿದವರು ಮೊದಲು ಕೇಬಲ್ ಮತ್ತು ಅದರ ದೀಪ ನೋಡುತ್ತೇನೆ ಎನ್ನುತ್ತಾರೆ. ನಂತರ ಐ.ಪಿ. ವಿಳಾಸ. ಅದು 169.254 ಎಂದು ಶುರುವಾಗಿದ್ದರೆ ಕಂಪ್ಯೂಟರಿಗೆ ನೆಟ್‌ವರ್ಕಿನಿಂದ ವಿಳಾಸವೇ ಸಿಕ್ಕಿಲ್ಲ ಎಂದರ್ಥ. ವಿಳಾಸ ಸರಿ ಇದ್ದರೆ ರೌಟರ್‌ವರೆಗೆ ಪಿಂಗ್ ಹೋಗುತ್ತದೆಯೇ ನೋಡಬೇಕು. ಹೊರಗಿನ ಅಂಕಿ ವಿಳಾಸಕ್ಕೆ ಪಿಂಗ್ ಹೋಗಿ, ವೆಬ್‌ಸೈಟಿನ ಹೆಸರು ಹಾಕಿದರೆ ತೆರೆಯದಿದ್ದರೆ ಮೊದಲು ಡಿ.ಎನ್.ಎಸ್. ನೋಡಬೇಕು. ಹೀಗೆ ಒಂದೊಂದೇ ಮೆಟ್ಟಿಲು ಇಳಿದು ತಪ್ಪು ಹುಡುಕುವುದೇ ಅನುಭವ. ಪುಸ್ತಕ ಇದರ ಕಾರಣ ಹೇಳುತ್ತದೆ, ಕೈಗೆ ಪಳಗುವುದು ಕೆಲಸದಲ್ಲೇ.

ಮೇಲಿನ ಹಂತಗಳಲ್ಲಿ ಇದು ನಿಯಮವೇ ಆಗಿದೆ. ಮಾಹಿತಿ ಭದ್ರತೆಯ ಸಿ.ಐ.ಎಸ್.ಎಸ್.ಪಿ. ಪರೀಕ್ಷೆ ಪಾಸಾದರೂ, ಸಾಮಾನ್ಯವಾಗಿ ಐದು ವರ್ಷ ಆ ಕ್ಷೇತ್ರದಲ್ಲಿ ದುಡಿದ ಅನುಭವ ತೋರಿಸದೆ ಪೂರ್ಣ ಸರ್ಟಿಫಿಕೇಟ್ ಕೊಡುವುದಿಲ್ಲ. ಒಂದೇ ಕೈಯಿಂದ ಚಪ್ಪಾಳೆ ಆಗೋದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಮೊದಲ ಅನುಭವ ಎಲ್ಲಿ ಸಿಗುತ್ತದೆ?

ದೊಡ್ಡ ಕಂಪನಿಯ ಗೇಟಿನಲ್ಲೇ ಅನುಭವ ಶುರುವಾಗಬೇಕೆಂದಿಲ್ಲ. ತಾಲೂಕು ಕೇಂದ್ರದ ಕಂಪ್ಯೂಟರ್ ರಿಪೇರಿ ಅಂಗಡಿ, ಇಂಟರ್ನೆಟ್ ಸಂಪರ್ಕ ಕೊಡುವವರು, ಸಿ.ಸಿ. ಕ್ಯಾಮೆರಾ ಹಾಕುವವರು, ಶಾಲೆಯ ಕಂಪ್ಯೂಟರ್ ಲ್ಯಾಬ್, ಸಹಕಾರಿ ಸಂಘದ ಕಚೇರಿ, ಇಲ್ಲೆಲ್ಲಾ ಕಲಿಯುವ ಕೆಲಸ ಇದೆ. ಸಂಬಳ ಕಡಿಮೆ ಇರಬಹುದು. ಆದರೂ ನಾಚಿಕೆ ಬೇಡ.

ಎಸ್.ಎಸ್.ಎಲ್.ಸಿ. ಪಾಸಾದವರಿಗೆ ಐ.ಟಿ.ಐ.ಗಳಲ್ಲಿ ಒಂದು ವರ್ಷದ 'ಕೋಪಾ' ಎಂಬ ಕಂಪ್ಯೂಟರ್ ಕೋರ್ಸ್ ಇದೆ. ಅದಾದ ಮೇಲೆ 1961ರ ಅಪ್ರೆಂಟಿಸ್ ಕಾಯಿದೆಯಡಿ ಕಂಪನಿ ಅಥವಾ ಕಾರ್ಖಾನೆಯಲ್ಲಿ ಸ್ಟೈಪೆಂಡ್ ಪಡೆಯುತ್ತಾ ಕಲಿಯಬಹುದು. ಡಿಪ್ಲೊಮಾ, ಡಿಗ್ರಿ ಆದವರಿಗೂ ಅಪ್ರೆಂಟಿಸ್ ಅವಕಾಶವಿದೆ. ಫೀಸು ಕೊಟ್ಟು ಕೂರುವ ಬದಲು ಸ್ವಲ್ಪವಾದರೂ ಹಣ ಪಡೆದು ಕಲಿಯುವ ದಾರಿ ಇದು.

ಒಂದು ನೋಟ್ ಪುಸ್ತಕ ಇಟ್ಟುಕೊಳ್ಳಿ. ಪ್ರತಿದಿನ ಯಾವ ತೊಂದರೆ ಬಂತು, ಕಾರಣ ಏನು, ಹೇಗೆ ಸರಿಯಾಯಿತು ಅಂತ ಮೂರು ಸಾಲು ಬರೆಯಿರಿ. ಒಂದು ವರ್ಷದಲ್ಲಿ ಅದೇ ನಿಮ್ಮ ದೊಡ್ಡ ಪಠ್ಯಪುಸ್ತಕವಾಗುತ್ತದೆ. ಸಂದರ್ಶನದ ಹಿಂದಿನ ದಿನ ಅದನ್ನೇ ಓದಿ.

ಯಾವುದು ಮೊದಲು, ಯಾವುದು ನಂತರ?

ಮೊದಲು ಖರ್ಚಿಲ್ಲದೆ ಕಲಿಯಿರಿ. ಕೇಂದ್ರ ಸರ್ಕಾರದ 'ಸ್ವಯಂ' ತಾಣದಲ್ಲಿ ಪಾಠ ಕೇಳಲು ಹಣ ಕೊಡಬೇಕಾಗಿಲ್ಲ. ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲೂ ಉಚಿತ ಪಾಠಗಳಿವೆ. ಜೊತೆಗೆ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶವನ್ನು ಕೊಡುತ್ತಾರೆ. ಯಂತ್ರ ಕೊಳ್ಳದೆಯೇ ಅದರಲ್ಲಿ ನೆಟ್‌ವರ್ಕ್ ಕಟ್ಟಿ ಅಭ್ಯಾಸ ಮಾಡಬಹುದು. ಎರಡನೆಯದಾಗಿ, ಸಿಕ್ಕ ಸಣ್ಣ ಕೆಲಸಕ್ಕೆ ಸೇರಿ. ಮೂರನೆಯದಾಗಿ, ಬಂದ ಸಂಬಳದಲ್ಲಿ ಉಳಿಸಿ ಒಂದೇ ಒಂದು ಪರೀಕ್ಷೆ ಕಟ್ಟಿ. ಆ ಸರ್ಟಿಫಿಕೇಟಿನ ಬಲದಿಂದ ಮೇಲಿನ ಕೆಲಸ, ಆ ಕೆಲಸದಿಂದ ಮುಂದಿನ ಪರೀಕ್ಷೆ. ಮೆಟ್ಟಿಲು ಹೀಗೆ ಏರಬೇಕು. ಅನುಭವವಿಲ್ಲದೆ ನಾಲ್ಕೈದು ಸರ್ಟಿಫಿಕೇಟ್ ಒಟ್ಟಿಗೆ ಮಾಡಿಸಿಕೊಂಡರೆ ಹಣ ಹೋಗುತ್ತದೆ, ಕೆಲಸ ಕೊಡುವವರಿಗೂ ಅನುಮಾನ ಬರುತ್ತದೆ.

ಮೋಸ ಹೋಗಬೇಡಿ

* "ಹಣ ಕೊಟ್ಟರೆ ಎರಡು ವರ್ಷದ ಅನುಭವ ಪತ್ರ ಮಾಡಿಸಿಕೊಡ್ತೇವೆ" ಎನ್ನುವವರಿದ್ದಾರೆ. ದೂರವಿರಿ. ಕಂಪನಿಗಳು ಹಿನ್ನೆಲೆ ತಪಾಸಣೆ ಮಾಡುತ್ತವೆ, ಭವಿಷ್ಯ ನಿಧಿಯ ದಾಖಲೆಯನ್ನೂ ನೋಡುತ್ತವೆ. ಸುಳ್ಳು ಸಿಕ್ಕಿಬಿದ್ದರೆ ಇದ್ದ ಕೆಲಸವೂ ಹೋಗುತ್ತದೆ.
* ಕದ್ದ ಪ್ರಶ್ನೆಗಳನ್ನು 'ಡಂಪ್' ಎಂದು ಮಾರುತ್ತಾರೆ. ಅವನ್ನು ಬಾಯಿಪಾಠ ಮಾಡಿ ಬರೆದದ್ದು ತಿಳಿದರೆ ಸರ್ಟಿಫಿಕೇಟ್ ರದ್ದಾಗಬಹುದು.
* ಕೆಲಸ ಕೊಡಿಸಲು ಮುಂಗಡ ಹಣ ಕೇಳಿದರೆ ಅದು ಕೆಲಸವಲ್ಲ, ವ್ಯಾಪಾರ.
* ನೇಮಕಾತಿ ಪತ್ರ, ಸಂಬಳದ ಚೀಟಿ, ಕೆಲಸ ಬಿಟ್ಟಾಗ ಬಿಡುಗಡೆ ಪತ್ರ, ಈ ಮೂರನ್ನೂ ಕೇಳಿ ಪಡೆದು ಜೋಪಾನವಾಗಿಡಿ.

ತಂದೆ-ತಾಯಂದಿರಲ್ಲಿ ಒಂದು ಮಾತು

ಸಾಲಕ್ಕೆ ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ. ಕೊನೆಗೆ ಸಿಗುವ ಸರ್ಟಿಫಿಕೇಟ್ ಸೆಂಟರಿನದೋ, ಕಂಪನಿಯ ಪರೀಕ್ಷೆಯದೋ? ಪರೀಕ್ಷಾ ಶುಲ್ಕ ಫೀಸಿನಲ್ಲಿ ಸೇರಿದೆಯೋ ಇಲ್ಲವೋ? ಹಿಂದಿನ ಬ್ಯಾಚಿನ ಇಬ್ಬರ ಹತ್ತಿರ ಮಾತಾಡಲು ಬಿಡ್ತೀರಾ? ನೇರ ಉತ್ತರ ಬಾರದಿದ್ದರೆ ಎದ್ದು ಬನ್ನಿ. ಮಗಳಾಗಲಿ ಮಗನಾಗಲಿ, ಮೊದಲ ಎರಡು ವರ್ಷ ಕಡಿಮೆ ಸಂಬಳಕ್ಕೆ ದುಡಿಯುವಾಗ "ಇಷ್ಟೇನಾ?" ಎಂದು ಹಂಗಿಸಬೇಡಿ. ಆ ಎರಡು ವರ್ಷದ ತಾಳ್ಮೆಯ ಮೇಲೆಯೇ ಮುಂದಿನ ಬದುಕು ನಿಲ್ಲುತ್ತದೆ.