ಗಾಜಿನ ಗೋಡೆಯ ಮನೆಗಳು

ಜೋಸೆಫ್ ಐಕ್ಲರ್ ಎಂಬವರು ಕಟ್ಟಿಸಿದ ಒಂದೇ ಅಂತಸ್ತಿನ ಮನೆಗಳು ಕ್ಯಾಲಿಫೋರ್ನಿಯಾದಲ್ಲಿ ಇಂದಿಗೂ ಮಾರಾಟಕ್ಕೆ ಬರುತ್ತಿವೆ. 1949ರಿಂದ 1966ರವರೆಗೆ ಅವರು ಕಟ್ಟಿಸಿದ ಮನೆಗಳು ಸುಮಾರು 11,000. ತಗ್ಗಾದ ಮಾಡು, ತೋಟದತ್ತ ಗಾಜಿನ ಗೋಡೆ, ಚಳಿಗಾಲದಲ್ಲಿ ಬೆಚ್ಚನೆಯ ನೆಲ! ಕೊಳ್ಳುವವರು ಮೊದಲು ಪರೀಕ್ಷಿಸಬೇಕಾದುದು ಆ ನೆಲವನ್ನೇ. ಕಾಂಕ್ರೀಟಿನೊಳಗೆ ಹುದುಗಿದ ಬಿಸಿನೀರಿನ ಕೊಳವೆ ಸೋರಿದರೆ ನೆಲವನ್ನು ಒಡೆಯಬೇಕಾದೀತು. ಗಾಜನ್ನು ಎರಡು ಪದರದ್ದಾಗಿಸಬಹುದು, ಮಾಡಿಗೆ ಶಾಖ ತಡೆಯುವ ಹೊದಿಕೆ ಹಾಸಬಹುದು. ಮಹಡಿಯೇರಿಸಿದರೆ ಮಾತ್ರ ಮನೆಯ ರೂಪವೂ ಕೆಟ್ಟು, ನೆರೆಯವರ ಗಾಜಿನ ಮನೆಗೆ ಮರೆಯೂ ತಪ್ಪುವುದು.

ಈ ಮನೆಗಳಿಗೆ ಇನ್ನೊಂದು ಹಿರಿಮೆಯುಂಟು. ಕಪ್ಪು ಜನರಿಗೆ ಮನೆ ಮಾರಲು ಅನೇಕ ನಿರ್ಮಾಪಕರು ಒಪ್ಪದಿದ್ದ ಕಾಲದಲ್ಲಿ ಐಕ್ಲರ್ ವರ್ಣಭೇದವೆಣಿಸದೆ ಮಾರಿದರು. ಈ ನೀತಿಗಾಗಿಯೇ 1958ರಲ್ಲಿ ಗೃಹನಿರ್ಮಾಪಕರ ರಾಷ್ಟ್ರೀಯ ಸಂಘವನ್ನು ತೊರೆದರು. ಪಾಲೋ ಆಲ್ಟೋದ ಅವರ ಎರಡು ಬಡಾವಣೆಗಳು 2005ರಲ್ಲಿ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿದವು. ಉಳಿದ ಬಹುಪಾಲು ಮನೆಗಳ ಅಳಿವು ಉಳಿವು ಕೊಳ್ಳುವವರ ಕೈಯಲ್ಲಿದೆ.