ಸೆಕೆಂಡ್ ಹ್ಯಾಂಡ್ ಕಾರು ಮತ್ತು ನೂರಕ್ಕೆ ಒಂದು ರೂಪಾಯಿ ಬಡ್ಡಿ

ನನ್ನ ಅಕ್ಕನ ಮಗನ ಅಂಗಡಿ ನಾಟ್ರಾಂಪಾಳ್ಯದಲ್ಲಿದೆ. ಹೊಸೂರಿನಿಂದ ದೆಂಕಣಿಕೋಟೆ, ಅಲ್ಲಿಂದ ಅಂಚೆಟ್ಟಿ, ಅಲ್ಲಿಂದ ಕಾಡಿನ ನಡುವೆ ಹೊಗೇನಕಲ್ ಕಡೆಗೆ ಹೋಗುವ ರಸ್ತೆಯಲ್ಲಿ ಸಿಗುವ ಊರು ಅದು. ರಾತ್ರಿ ಹೊತ್ತು ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಬೆಳಗಾಗುವುದನ್ನೇ ಕಾಯಬೇಕು. ಅಕ್ಕನಿಗೆ ಸಕ್ಕರೆ ಕಾಯಿಲೆ, ಅಳಿಯನಿಗೆ ಎರಡು ಚಿಕ್ಕ ಮಕ್ಕಳು. ಆದ್ದರಿಂದ 2023ರ ವಿಜಯದಶಮಿಗೆ ಮುಂಚೆ ಅವನು ಒಂದು ಹಳೆಯ ಕಾರು ಕೊಳ್ಳುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. ನಮ್ಮ ಮನೆತನದಲ್ಲಿ ಕಾರು ಕೊಂಡವರಲ್ಲಿ ಅವನೇ ಮೊದಲಿಗ. ಸಾಲದ ಕಾಗದಕ್ಕೆ ಜಾಮೀನು ಸಹಿ ಹಾಕಿದವನು ನಾನು.

ನಮ್ಮ ಸಮಾಜದ ಎಷ್ಟೋ ಮನೆಗಳ ಹುಡುಗರು ಈಗ ಇದೇ ಹಾದಿಯಲ್ಲಿದ್ದಾರೆ. ಅದಕ್ಕಾಗಿ ನಮ್ಮ ಮನೆಯ ಎಡವಟ್ಟನ್ನು ಸಂಕೋಚವಿಲ್ಲದೆ ಇಲ್ಲಿ ಬರೆಯುತ್ತಿದ್ದೇನೆ. ಸಾಲ ಕೊಟ್ಟ ಸಂಸ್ಥೆಯ ಹೆಸರಾಗಲಿ, ಕಾರು ಮಾರಿದವರ ಹೆಸರಾಗಲಿ ಇಲ್ಲಿ ಬೇಡ.

ಬೆಂಗಳೂರಿನಲ್ಲಿ ಕಾರು ನೋಡಿದೆವು. ಬೆಲೆ 3,60,000 ರೂಪಾಯಿ. ಕೈಯಿಂದ 60,000, ಉಳಿದ 3 ಲಕ್ಷ ಸಾಲ. ಸಾಲವನ್ನು ಕಾರು ಮಾರುವವರೇ ಒಂದು ಫೈನಾನ್ಸ್ ಕಂಪನಿಯಿಂದ ಮಾಡಿಸಿಕೊಟ್ಟರು. ನಾವು ಬ್ಯಾಂಕಿನ ಮೆಟ್ಟಿಲು ಹತ್ತಲೇ ಇಲ್ಲ. “ನೂರಕ್ಕೆ ತಿಂಗಳಿಗೆ ಒಂದೇ ರೂಪಾಯಿ ಸಾರ್, ಮೂರು ವರ್ಷ” ಎಂದರು. ನಮ್ಮಂಥವರಿಗೆ ಅರ್ಥವಾಗುವ ಮಾತು. ತಿಂಗಳಿಗೆ ಒಂದು ರೂಪಾಯಿ ಎಂದರೆ ವರ್ಷಕ್ಕೆ ಹನ್ನೆರಡು, ಪೇಟೆಯಲ್ಲಿ ಅದು ದುಬಾರಿಯಲ್ಲ. ತಿಂಗಳ ಕಂತು 11,333 ರೂಪಾಯಿ. ಇಂಗ್ಲಿಷ್ ಕಾಗದದ ಕಟ್ಟಿಗೆ ಎಷ್ಟೋ ಕಡೆ ಸಹಿ ಮಾಡಿದೆವು. ಮೊತ್ತ ಬರೆಯದ ನಾಲ್ಕು ಚೆಕ್ಕುಗಳನ್ನೂ ಅಳಿಯ ಕೊಟ್ಟ. ಕಾಗದದ ಒಂದು ಪ್ರತಿಯನ್ನು ನಾವು ಕೇಳಲಿಲ್ಲ. ಅಂಗಡಿಯಲ್ಲಿ ಒಂದು ಚೀಲ ಸಕ್ಕರೆ ಇಳಿಸಿದರೂ ಬಿಲ್ಲು ಓದಿ ಸಹಿ ಮಾಡುವ ಜನ ನಾವು!

ಈ ‘ಒಂದು ರೂಪಾಯಿ’ಯ ಲೆಕ್ಕವೇನೆಂದು ತಿಳಿದದ್ದು ವರ್ಷದ ನಂತರ. ವ್ಯಾಪಾರದಲ್ಲಿ ನಾವು ಬಡ್ಡಿ ಕಟ್ಟುವುದು ಉಳಿದ ಬಾಕಿಯ ಮೇಲೆ. ಒಂದು ಲಕ್ಷ ತಂದು ನಲವತ್ತು ಸಾವಿರ ತೀರಿಸಿದರೆ ಮುಂದಿನ ಬಡ್ಡಿ ಅರವತ್ತು ಸಾವಿರಕ್ಕೆ ಮಾತ್ರ. ತೀರಿಸಿದ ಹಣಕ್ಕೂ ಬಡ್ಡಿ ಕೇಳುವ ಸಗಟು ವ್ಯಾಪಾರಿಯ ಹತ್ತಿರ ಯಾರಾದರೂ ಎರಡನೇ ಸಲ ಹೋಗುತ್ತಾರೆಯೇ? ಆದರೆ ‘ಫ್ಲಾಟ್’ ಬಡ್ಡಿ ಎಂದರೆ ಅದೇ. ಮೂರು ಲಕ್ಷಕ್ಕೆ ವರ್ಷಕ್ಕೆ 36,000ದಂತೆ ಮೂರು ವರ್ಷದ ಬಡ್ಡಿ 1,08,000. ಅದನ್ನು ಅಸಲಿಗೆ ಸೇರಿಸಿ 36ರಿಂದ ಭಾಗಿಸುತ್ತಾರೆ. ಕೊನೆಯ ಕಂತಿನ ಹೊತ್ತಿಗೆ ಸಾಲ ಹನ್ನೊಂದು ಸಾವಿರವಷ್ಟೇ ಉಳಿದಿದ್ದರೂ ಬಡ್ಡಿ ಮಾತ್ರ ಮೂರು ಲಕ್ಷದ ಲೆಕ್ಕದಲ್ಲೇ ಇರುತ್ತದೆ. ಉಳಿದ ಬಾಕಿಯ ಮೇಲೆ ಶೇಕಡ 12ರಂತೆ ಕಟ್ಟಿದ್ದರೆ ಕಂತು 9,964 ರೂಪಾಯಿ ಮಾತ್ರ. ಮೂರು ವರ್ಷಕ್ಕೆ ವ್ಯತ್ಯಾಸ 49,000ಕ್ಕೂ ಹೆಚ್ಚು. 11,333ರ ಕಂತನ್ನು ಉಳಿದ ಬಾಕಿಯ ಲೆಕ್ಕಕ್ಕೆ ತಿರುಗಿಸಿದರೆ ಬಡ್ಡಿ ಶೇಕಡ 21.2 ಆಗುತ್ತದೆ. ಮೂರು ವರ್ಷದ ಫ್ಲಾಟ್ ಬಡ್ಡಿಯನ್ನು ಕೇಳಿದ ಕೂಡಲೇ ಮನಸ್ಸಿನಲ್ಲೇ ಎರಡರಿಂದ ಗುಣಿಸಿ ಸ್ವಲ್ಪ ಕಡಿಮೆ ಮಾಡಿಕೊಂಡರೆ ನಿಜಕ್ಕೆ ಹತ್ತಿರ ಬರುತ್ತೀರಿ.

ಅಷ್ಟಕ್ಕೇ ಮುಗಿಯಲಿಲ್ಲ. ಸಾಲದ ಖರ್ಚು 6,000, ಸಾಲಕ್ಕೊಂದು ವಿಮೆ 8,000 ಎಂದು ಮೊದಲೇ ಹಿಡಿದುಕೊಂಡು 2,86,000 ಮಾತ್ರ ಬಿಡುಗಡೆ ಮಾಡಿದ್ದರು. ಕೊರತೆಯ 14,000 ನಾವೇ ಕೊಟ್ಟೆವು. ಅದನ್ನೂ ಸೇರಿಸಿದರೆ ಬಡ್ಡಿ ಶೇಕಡ 25ರ ಸಮೀಪ ನಿಲ್ಲುತ್ತದೆ.

ಕಾರಿನ ಕಾಗದಗಳದು ಇನ್ನೊಂದು ಕಥೆ. ಕರ್ನಾಟಕದ ನಂಬರಿನ ಗಾಡಿ ತಮಿಳುನಾಡಿನಲ್ಲಿ ಹನ್ನೆರಡು ತಿಂಗಳು ಮೀರಿ ಉಳಿಯುವುದಾದರೆ ಇಲ್ಲಿನ ನಂಬರು ಪಡೆಯಬೇಕು. 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಅದನ್ನು ಹೇಳುತ್ತದೆ. ಅದಕ್ಕೆ ಮೊದಲು ಅಲ್ಲಿನ ಸಾರಿಗೆ ಕಚೇರಿಯ ಎನ್‌ಒಸಿ ಬೇಕು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಈ ತೆರಿಗೆಯ ಮಾತನ್ನು ಮಾರಿದವರು ಎತ್ತಲೇ ಇಲ್ಲ. ಎನ್‌ಒಸಿ ಹದಿನೈದು ದಿನದಲ್ಲಿ ಬರುತ್ತದೆ ಎಂದವರು ತಿಂಗಳುಗಟ್ಟಲೆ ಓಡಾಡಿಸಿದರು. ಕೊನೆಗೆ ಗೊತ್ತಾದದ್ದು ಇಷ್ಟು: ಹಳೆಯ ಮಾಲೀಕರು ತಮ್ಮ ಸಾಲ ತೀರಿಸಿದ್ದರೂ 35ನೇ ನಮೂನೆ ಸಲ್ಲಿಸಿ ಆರ್‌ಸಿಯಿಂದ ಸಾಲಗಾರ ಬ್ಯಾಂಕಿನ ಹೆಸರು ತೆಗೆಸಿರಲಿಲ್ಲ. ಎನ್‌ಒಸಿ ಕೈಗೆ ಬಂದಾಗ 2024ರ ಏಪ್ರಿಲ್.

ಆ ಆರು ತಿಂಗಳು ಅಳಿಯ ಓಡಿಸಿದ್ದು ಕಾಗದದಲ್ಲಿ ಬೇರೆಯವರ ಕಾರು. ವಿಮೆಯೂ ಹಳೆಯ ಮಾಲೀಕರ ಹೆಸರಿನಲ್ಲೇ ಇತ್ತು. ಗಾಡಿ ಕೈ ಬದಲಾದಾಗ ವಿಮೆ ತಾನಾಗಿ ಬರುವುದು ಎದುರಿನವರ ನಷ್ಟಕ್ಕೆ ಮಾತ್ರ ಎಂದು ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದೆ. ನಮ್ಮ ಕಾರಿಗೆ ಪೆಟ್ಟಾಗಿದ್ದರೆ ಒಂದು ಪೈಸೆಯೂ ಬರುತ್ತಿರಲಿಲ್ಲ. ಮಾರಿದವರ ತಲೆಯ ಮೇಲೂ ಕತ್ತಿ ತೂಗುತ್ತಿರುತ್ತದೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ತೀರ್ಪು ಕೊಟ್ಟಿದೆ. ಹಳೆಯ ಗಾಡಿ ಮಾರುವ ಬಂಧುಗಳು ಇದನ್ನು ಗಮನಿಸಬೇಕು.

ಮೊಬೈಲಿನಲ್ಲಿ ಎಂಪರಿವಾಹನ್ ತೆರೆದು ಗಾಡಿಯ ನಂಬರು ಹಾಕಿದ್ದರೆ ಹಳೆಯ ಸಾಲದ ನಮೂದು ಐದು ನಿಮಿಷದಲ್ಲಿ ಕಾಣುತ್ತಿತ್ತು. 2023ರ ಏಪ್ರಿಲ್ 1ರಿಂದ ಹಳೆಯ ಗಾಡಿಗಳ ವ್ಯಾಪಾರಿಗಳು ಸಾರಿಗೆ ಕಚೇರಿಯಿಂದ ಅಧಿಕಾರಪತ್ರ ಪಡೆಯಬೇಕೆಂಬ ನಿಯಮವೂ ಇದೆ. ಅದನ್ನು ನಾವು ಕೇಳಲೂ ಇಲ್ಲ, ಅವರು ತೋರಿಸಲೂ ಇಲ್ಲ.

2024ರ ಆಷಾಢದ ಹೊತ್ತಿಗೆ ವ್ಯಾಪಾರ ಕುಗ್ಗಿತು. ಜುಲೈ, ಆಗಸ್ಟ್ ಕಂತುಗಳು ತಪ್ಪಿದವು. ಅಳಿಯ ನನಗೆ ಹೇಳಲಿಲ್ಲ. ಒಂದು ದಿನ ನನ್ನ ಅಂಗಡಿಗೇ ಫೋನು ಬಂತು, “ಜಾಮೀನುದಾರರು ನೀವೇ ಅಲ್ಲವೇ?” ಎಂದು. ಆ ವಾರವೇ ರಾತ್ರಿ ಎಂಟೂವರೆಗೆ ಇಬ್ಬರು ನಾಟ್ರಾಂಪಾಳ್ಯದ ಅಂಗಡಿಗೆ ಬಂದು, ಗಿರಾಕಿಗಳು ನಿಂತಿರುವಾಗಲೇ ಗಾಡಿ ಎಳೆದುಕೊಂಡು ಹೋಗುತ್ತೇವೆಂದು ಕೂಗಾಡಿದರು. ನಾನು ಮರುದಿನ ಹೋದೆ. ಅಳಿಯ ತಲೆ ಎತ್ತಲಿಲ್ಲ.

“ಎರಡು ಡ್ಯೂ ಅಷ್ಟೇ ಮಾವ, ಮುಂದಿನ ತಿಂಗಳು ಕಟ್ಟಿಬಿಡೋಣ ಅಂತಿದ್ದೆ. ನಿಮಗೆ ಯಾಕೆ ತೊಂದರೆ ಅಂತ...”

“ತೊಂದರೆ ನಾನು ಸಹಿ ಹಾಕಿದ ದಿನವೇ ಬಂತು ಕಣೋ. ಕಾಗದ ಎಲ್ಲಿದೆ ತೆಗಿ” ಎಂದೆ. ಕಾಗದ ಇರಲಿಲ್ಲ.

ಜಾಮೀನಿನ ವಿಷಯದಲ್ಲಿ ನಮ್ಮವರಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಇದೆ. ಸಾಲಗಾರನಿಂದ ಆಗದಿದ್ದರೆ ಮಾತ್ರ ಜಾಮೀನುದಾರನ ಬಳಿ ಬರುತ್ತಾರೆಂದು ತಿಳಿಯುತ್ತೇವೆ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಇಬ್ಬರ ಹೊಣೆಯೂ ಸಮ. ಅವನನ್ನು ಬಿಟ್ಟು ನೇರ ನನ್ನನ್ನೇ ಹಿಡಿಯಬಹುದು. ಇನ್ನು ಸಹಿ ಮಾಡಿದ ಖಾಲಿ ಚೆಕ್ಕು ಬೌನ್ಸ್ ಆದರೆ 138ನೇ ಕಲಂ ಮೇಲೆ ಕ್ರಿಮಿನಲ್ ಕೇಸು ಹಾಕಲು ದಾರಿಯಾಗುತ್ತದೆ. ಬ್ಯಾಂಕ್ ಖಾತೆಯಿಂದ ತಾನಾಗಿ ಕಂತು ಕಳೆಯುವ ಒಪ್ಪಿಗೆ ತಪ್ಪಿದರೂ 2007ರ ಪಾವತಿ ಕಾಯ್ದೆಯಡಿ ಅಂಥದೇ ಶಿಕ್ಷೆಯಿದೆ.

ಮೊದಲು ಎರಡು ಕಂತು ಕಟ್ಟಿ ಬಾಯಿ ಮುಚ್ಚಿಸಿದೆವು. ಸಾಲ ಹೇಗೆ ಕೆಟ್ಟದಾಗಿದ್ದರೂ ಜಗಳವಾಡುವವನು ಬಾಕಿದಾರನಾಗಿರಬಾರದು. ಬಳಿಕ ಬರಹದಲ್ಲಿ ಕರಾರಿನ ಪ್ರತಿ ಮತ್ತು ಸಾಲದ ಖಾತೆಯ ಪೂರ್ಣ ಲೆಕ್ಕ ಕೇಳಿದೆವು. ಬಂದ ಲೆಕ್ಕದಲ್ಲಿ ದಂಡದ ಬಡ್ಡಿಯನ್ನು ಬಾಕಿಗೆ ಸೇರಿಸಿ ಅದರ ಮೇಲೂ ಬಡ್ಡಿ ಹಾಕಿದ್ದರು. 2023ರ ಆಗಸ್ಟ್ 18ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಇದನ್ನು ತಡೆಯುತ್ತದೆ. ದಂಡವನ್ನು ಶುಲ್ಕವಾಗಿ ಹಾಕಬಹುದು, ಬಡ್ಡಿಯಾಗಿ ಅಲ್ಲ. ಹಳೆಯ ಸಾಲಗಳಿಗೂ 2024ರ ಜೂನ್ ಕೊನೆಯೊಳಗೆ ಇದು ಅನ್ವಯವಾಗಬೇಕಿತ್ತು. ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ನಂತರ ವಸೂಲಿಯವರು ಸಾಲಗಾರನಿಗಾಗಲಿ ಜಾಮೀನುದಾರನಿಗಾಗಲಿ ಫೋನು ಮಾಡಬಾರದೆಂದೂ, ಬೆದರಿಸಿ ಅವಮಾನ ಮಾಡಬಾರದೆಂದೂ 2022ರ ಆಗಸ್ಟ್‌ನ ಇನ್ನೊಂದು ಸುತ್ತೋಲೆಯಲ್ಲಿದೆ. ಗೂಂಡಾಗಳನ್ನು ಬಿಟ್ಟು ಗಾಡಿ ಎಳೆಸುವುದನ್ನು ಸುಪ್ರೀಂ ಕೋರ್ಟು 2007ರಲ್ಲೇ ಖಂಡಿಸಿದೆ. ಎರಡನ್ನೂ ಉಲ್ಲೇಖಿಸಿ ಕಂಪನಿಯ ದೂರು ಅಧಿಕಾರಿಗೆ ಪತ್ರ ಬರೆದೆವು. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗುತ್ತೇವೆ, ಅದಕ್ಕೆ ಖರ್ಚೇನೂ ಇಲ್ಲ ಎಂದು ಕೊನೆಯ ಸಾಲು ಸೇರಿಸಿದೆ. ಇಪ್ಪತ್ತೆರಡನೇ ದಿನ ದಂಡದ ಬಡ್ಡಿ ಹಿಂತಿರುಗಿತು, ಅಂಗಡಿಗೆ ಬರುವುದು ನಿಂತಿತು. ಫ್ಲಾಟ್ ಬಡ್ಡಿ ಮಾತ್ರ ಬದಲಾಗಲಿಲ್ಲ. ಸಹಿ ನಮ್ಮದೇ ತಾನೇ?

ಹಾಗಾದರೆ ಪೂರ್ತಿ ತೀರಿಸುವುದೇ? ಹನ್ನೆರಡು ಕಂತುಗಳಲ್ಲಿ 1,36,000 ಕಟ್ಟಿಯಾಗಿತ್ತು. ಮೂರರಲ್ಲಿ ಒಂದು ಪಾಲು ತೀರಿತು, ಎರಡು ಲಕ್ಷ ಉಳಿಯಿತು ಎಂದು ಅಳಿಯ ಎಣಿಸಿದ್ದ. ಕಂಪನಿಯ ಲೆಕ್ಕದಲ್ಲಿ ಉಳಿದದ್ದು 2,20,000. ಮೊದಲ ಕಂತುಗಳಲ್ಲಿ ಬಡ್ಡಿಯೇ ಹೆಚ್ಚು ಹೋಗಿರುತ್ತದೆ. ಮೊದಲ ತಿಂಗಳ 11,333ರಲ್ಲಿ 5,300 ಬಡ್ಡಿಯೇ. ಮುಂಚಿತವಾಗಿ ತೀರಿಸಲು ಶೇಕಡ 4 ಶುಲ್ಕ, ಅದರ ಮೇಲೆ ಜಿಎಸ್‌ಟಿ ಸೇರಿ ಒಟ್ಟು 2,30,400 ಆಯಿತು. ಉಳಿದ 24 ಕಂತು ಕಟ್ಟುತ್ತಾ ಹೋದರೆ 2,72,000. ಕಾರು ಮಾರಿಬಿಡೋಣವೆಂದರೆ ಸಾಲ ತೀರಿ ಕೈಗೆ ಏನೂ ಉಳಿಯುವಂತಿರಲಿಲ್ಲ, ಅಕ್ಕನ ಆಸ್ಪತ್ರೆಯ ಓಡಾಟ ನಿಲ್ಲುತ್ತಿತ್ತು.

ನೆಂಟರಿಂದ ಕೈಸಾಲ ತರುವ ಮಾತೂ ಬಂತು. ನನಗೆ ಇಷ್ಟವಾಗಲಿಲ್ಲ. ಕಾಗದವಿಲ್ಲದ ಸಾಲಕ್ಕೆ ಬಡ್ಡಿ ಕಡಿಮೆ, ಆದರೆ ಮದುವೆ ಮುಂಜಿಗಳಲ್ಲಿ ಮುಖ ತಪ್ಪಿಸಿಕೊಂಡು ಓಡಾಡಬೇಕು. ಅಕ್ಕ ಒಳಗಿನಿಂದ ಬಳೆಗಳ ಡಬ್ಬಿ ತಂದು ಮುಂದಿಟ್ಟಳು. “ಪೆಟ್ಟಿಗೆಯಲ್ಲಿ ಕೂತು ಏನು ಮಾಡುತ್ತವೆ? ನನ್ನ ಔಷಧಿಗೆ ತಾನೇ ಆ ಗಾಡಿ” ಎಂದಳು. ಸರ್ಕಾರಿ ಬ್ಯಾಂಕಿನಲ್ಲಿ ಅವುಗಳ ಮೇಲೆ ಶೇಕಡ 9ರ ಬಡ್ಡಿಗೆ ಸಾಲ ದೊರೆಯಿತು, ಬಡ್ಡಿ ಉಳಿದ ಬಾಕಿಗೆ ಮಾತ್ರ.

ಈಗ ಸಾಲ ಮಾಡಹೊರಟವರಿಗೆ ನಮಗಿಲ್ಲದ ಒಂದು ಅನುಕೂಲವಿದೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಮುಖ್ಯಾಂಶಗಳ ಪತ್ರ, ಅಂದರೆ ಕೆಎಫ್‌ಎಸ್, ಕೊಡಲೇಬೇಕು. ಅದರಲ್ಲಿ ‘ಎಪಿಆರ್’ ಎಂಬ ಸಾಲು ನೋಡಿ. ಶುಲ್ಕ, ವಿಮೆಗಳೆಲ್ಲ ಸೇರಿದ ನಿಜವಾದ ವಾರ್ಷಿಕ ದರ ಅದು. ನಮ್ಮ ಪತ್ರವಿದ್ದಿದ್ದರೆ ಅಲ್ಲಿ 12 ಇರುತ್ತಿರಲಿಲ್ಲ, 25ರ ಹತ್ತಿರದ ಅಂಕಿ ಇರುತ್ತಿತ್ತು. ಆ ಪತ್ರ ಕನಿಷ್ಠ ಮೂರು ಕೆಲಸದ ದಿನ ಊರ್ಜಿತವಾಗಿರಬೇಕು. ಮನೆಗೆ ತಂದು ಹಿರಿಯರ ಮುಂದಿಟ್ಟು ಲೆಕ್ಕ ಹಾಕಲು ಅಷ್ಟು ಸಮಯ ಸಾಕು. ಶೋರೂಮಿನಲ್ಲೇ ಸಹಿ ಮಾಡಿ ಎಂದು ಅವಸರಿಸುವವರಿಗೆ ಪತ್ರ ಕೈಯಲ್ಲಿ ಹಿಡಿದೇ ನಮಸ್ಕಾರ ಹೇಳಿ ಬನ್ನಿ.

ತೀರಿಸಿದ ಮೇಲೆ ಕಂಪನಿಯಿಂದ ಬಾಕಿ ಇಲ್ಲವೆಂಬ ಪತ್ರ, 35ನೇ ನಮೂನೆ, ಖಾಲಿ ಚೆಕ್ಕುಗಳು ಮೂರನ್ನೂ ಕೇಳಿ ಪಡೆದೆವು. ತೀರಿದ 30 ದಿನದೊಳಗೆ ದಾಖಲೆ ಹಿಂತಿರುಗಿಸಿ ಹೊರೆ ತೆಗೆಸದಿದ್ದರೆ ಸಂಸ್ಥೆ ದಿನಕ್ಕೆ 5,000 ರೂಪಾಯಿ ಕೊಡಬೇಕೆಂಬ ನಿಯಮ 2023ರ ಡಿಸೆಂಬರ್ 1ರಿಂದ ಇದೆ. ಚೆಕ್ಕುಗಳು ನಾಲ್ಕರ ಬದಲು ಮೂರು ಬಂದವು. ನಾಲ್ಕನೆಯದಕ್ಕೆ ಬ್ಯಾಂಕಿನಲ್ಲಿ ತಡೆ ಕೊಟ್ಟು, ಕಂಪನಿಗೂ ರಿಜಿಸ್ಟರ್ಡ್ ಪತ್ರ ಹಾಕಿದೆವು. ಕ್ರೆಡಿಟ್ ವರದಿಯನ್ನು ಪ್ರತಿ ಸಂಸ್ಥೆಯಿಂದ ವರ್ಷಕ್ಕೊಮ್ಮೆ ಉಚಿತವಾಗಿ ಪಡೆಯಬಹುದು. ತರಿಸಿ ನೋಡಿದಾಗ ತಪ್ಪಿದ ಎರಡು ಕಂತುಗಳು ಅಳಿಯನ ಹೆಸರಿನ ಜೊತೆಗೆ ನನ್ನ ಹೆಸರಿನ ಕೆಳಗೂ ಇದ್ದವು.

ಹೊಸೂರಿನ ಸಾರಿಗೆ ಕಚೇರಿಯಿಂದ ಸಾಲದ ನಮೂದಿಲ್ಲದ ಹೊಸ ಆರ್‌ಸಿ ಅಂಚೆಯಲ್ಲಿ ಬಂತು. ಬಳೆಗಳು 2025ರ ದೀಪಾವಳಿಗೆ ಮನೆಗೆ ಬಂದವು. ಅಳಿಯ ಆ ದಿನ ಹೊಸ ಲೆಕ್ಕದ ಪುಸ್ತಕ ತೆರೆದಾಗ ಕಾರಿನ ಖರ್ಚಿಗೆಂದು ಒಂದು ಪುಟ ಬೇರೆ ತೆಗೆದಿಟ್ಟ.