ಅಜ್ಜನ ರಿವಾಲ್ವರಿಗೆ ಜೋರ್ ಗುಂಡು ಹಾಕಬಹುದೇನು?

ನಮ್ಮ ಇರಕಲ್ಲಗಡದಾಗ ಇಲೆಕ್ಷನ್ ಬಂತಂದ್ರ ಲೈಸೆನ್ಸ್ ಇದ್ದವ್ರು ಬಂದೂಕು, ರಿವಾಲ್ವರ್ ಎಲ್ಲಾ ಠಾಣೆಗೆ ಜಮಾ ಮಾಡ್ತಾರ. ಆವಾಗ ಪೆಟ್ಟಿಗಿಯಿಂದ ಹೊರಗ ಬರ್ತಾವ ನೋಡ್ರಿ, ಅಜ್ಜನ ಕಾಲದವು! ಜೊತಿಗೇ ಈ ಪ್ರಶ್ನೆನೂ.

ಹಾಕಬ್ಯಾಡ್ರಿ. ಗುಂಡು ತೂತಿನ್ಯಾಗ ಇಳೀತು ಅಂದ್ರ ಕಬ್ಬಿಣ ತಡೀತದ ಅಂತಲ್ಲ.

ವೆಬ್ಲಿ ಮಾರ್ಕ್ 6 ತಗೋರಿ, 1915ರಾಗ ಬ್ರಿಟಿಷ್ ಸೈನ್ಯಕ್ಕ ಬಂದದ್ದು. ಅದರ ಪಾಯಿಂಟ್ 455 ಗುಂಡಿನ ಒತ್ತಡ ಚದರ ಇಂಚಿಗೆ ಸುಮಾರು 13,000 ಪೌಂಡ್. ಮುಂದ ಅಮೆರಿಕದಾಗ ಸಿಲಿಂಡರಿನ ಬೆನ್ನು ಸವರಿ, ಪಾಯಿಂಟ್ 45 ಎಸಿಪಿ ಅನ್ನೋ ಪಿಸ್ತೂಲಿನ ಗುಂಡು ತುಂಬಾಕ ಹತ್ತಿದ್ರು. ಇದರ ಒತ್ತಡದ ಮಿತಿ 21,000! ಸರಾಗ ಇಳೀತು ಖರೆ. ರಿವಾಲ್ವರ್ ಮಾತ್ರ ಅದಕ್ಕ ಮಾಡಿದ್ದಲ್ಲ.

ಸಿಲಿಂಡರ್ ಹತ್ರದಿಂದ ನೋಡ್ರಿ. ಮ್ಯಾಲೆ ಸಣ್ಣ ಕಚ್ಚು ಅದಾವಲ್ಲ? ಭಾಳ ರಿವಾಲ್ವರಿನ್ಯಾಗ ಆ ಕಚ್ಚಿನ ಕೆಳಗೇ ಗ್ವಾಡಿ ತೀರಾ ತೆಳು. ಮೊದಲನೇ ಗುಂಡಿಗೆ ಏನೂ ಆಗ್ಲಿಕ್ಕಿಲ್ಲ. ಕಣ್ಣಿಗೆ ಕಾಣದ ಬಿರುಕು ಒಳಗೊಳಗ ಬೆಳೀತಿರ್ತದ.

ನಮ್ಮ ಕಡೆ ಲೈಸೆನ್ಸಿನವರ ಹತ್ರ ಹೆಚ್ಚಾಗಿ ಇರೋದು ಪಾಯಿಂಟ್ 32. 1984ರಾಗ ಬಂದ ಪಾಯಿಂಟ್ 32 ಮ್ಯಾಗ್ನಮ್ ಗುಂಡಿನ ಕೊಳವಿ ಹಳೇ ಪಾಯಿಂಟ್ 32 ಲಾಂಗ್ ಗುಂಡಿನದಕ್ಕಿಂತ ಸುಮಾರು 4 ಮಿಲಿಮೀಟರ್ ಉದ್ದ. ಹಳೇದ್ರಾಗ ಅದು ಕೂಡಬಾರದು, ಅದಕ್ಕ. ‘ತೂತು ಸ್ವಲ್ಪ ಕೊರದ್ರಾತು’ ಅನ್ನೋ ಜಾಣರ ಮಾತು ಕೇಳಬ್ಯಾಡ್ರಿ ಮತ್ತ!

ನಳಿಗಿ ಮ್ಯಾಲಿನ ಅಕ್ಷರ, ಲೈಸೆನ್ಸಿನ ಬರಹ, ಗುಂಡಿನ ಹಿಂದಿನ ಮುದ್ರಿ, ಮೂರೂ ತಾಳೆ ಆಗಬೇಕು. ಸಿಲಿಂಡರ್ ಅಲ್ಲಾಡ್ತದೋ? ಲೈಸೆನ್ಸ್ ಇರೋ ಬಂದೂಕು ರಿಪೇರಿಯವರಿಗೆ ತೋರ್ಸ್ರಿ. ಒಯ್ಯೋ ಮೊದಲು ಖಾಲಿ ಮಾಡೋದು ಮರೀಬ್ಯಾಡ್ರಿ.